ಬರಲಿದೆ ಎಂಬ ಯಂತ್ರಕ್ಕೆ ತೆರುವ ಬೆಲೆ

ಯಂತ್ರೋಪಕರಣಗಳ ಖರೀದಿಗೆ ಮುನ್ನ ನಮ್ಮ ಉದ್ಯಮಿಗಳು ಲೆಕ್ಕಪರಿಶೋಧಕರಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಮೂರು. ಸವಕಳಿ ಎಷ್ಟು ದೊರೆಯುತ್ತದೆ? ತೆತ್ತ ಜಿಎಸ್‌ಟಿ ಮರಳಿ ಜಮೆಯಾಗುತ್ತದೆಯೇ? ಬ್ಯಾಂಕು ಎಷ್ಟು ಸಾಲ ಕೊಟ್ಟೀತು? ಈ ಮೂರಕ್ಕೂ ನಿಖರವಾದ ಉತ್ತರಗಳಿವೆ. ಆದರೆ ಯಂತ್ರವು ಯಾವ ದಿನಾಂಕದಂದು ನಮ್ಮ ಕೈಸೇರಿ ಕೆಲಸ ಆರಂಭಿಸುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯೊಂದಿದೆ. ಮೇಲಿನ ಮೂರು ಉತ್ತರಗಳನ್ನೂ ಅದು ಬದಲಿಸಬಲ್ಲದು. ಅದನ್ನು ಕೇಳುವವರು ವಿರಳ. ಗಣಕಯಂತ್ರಗಳ, ಅದರಲ್ಲಿಯೂ ವೃತ್ತಿಪರ ಕೆಲಸಕ್ಕೆ ಬೇಕಾಗುವ ಡೆಸ್ಕ್‌ಟಾಪ್ ಯಂತ್ರಗಳ ವಿಷಯದಲ್ಲಿ ಈ ಅಲಕ್ಷ್ಯವು ಎಷ್ಟು ದುಬಾರಿಯಾಗುತ್ತದೆ ಎಂಬುದನ್ನು ಸದಸ್ಯರ ಗಮನಕ್ಕೆ ತರಬೇಕೆನಿಸಿದೆ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಟ್ಯಾಲಿಯಲ್ಲಿ ಲೆಕ್ಕ ಬರೆದು, ಇ-ಇನ್‌ವಾಯ್ಸ್ ತೆಗೆದು, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕಿರಾಣಿ, ಬಟ್ಟೆ ಅಥವಾ ಹಾರ್ಡ್‌ವೇರ್ ವ್ಯಾಪಾರಿಗೆ ಸಾಧಾರಣ ಗಣಕವೇ ಸಾಕು. ಅದು ದುರ್ಗದಬೈಲಿನಿಂದ ಕೊಪ್ಪೀಕರ ರಸ್ತೆಗೆ ಹೋಗಿಬರುವಷ್ಟರಲ್ಲಿ ಸಿಗುವ ವಸ್ತು. ಅದಕ್ಕಾಗಿ ಯಾರೂ ಕಾಯಬೇಕಾಗಿಲ್ಲ. ನಾನು ಹೇಳುತ್ತಿರುವುದು ಬೇರೊಂದು ವರ್ಗದ ಯಂತ್ರದ ಕುರಿತು. ಡೈ ಮತ್ತು ಅಚ್ಚುಗಳ ವಿನ್ಯಾಸ ಮಾಡುವವರು, ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಸಿದ್ಧಪಡಿಸುವವರು, ಬಹುವರ್ಣ ಮುದ್ರಣಾಲಯದವರು, ವಾಸ್ತುಶಿಲ್ಪಿಗಳು, ಮದುವೆ ಮತ್ತು ಜಾಹೀರಾತುಗಳ ವಿಡಿಯೋ ಸಂಕಲಿಸುವ ಸ್ಟುಡಿಯೋದವರು ಬಳಸುವ, ಹೆಚ್ಚಿನ ಮೆಮೊರಿ ಹಾಗೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಉಳ್ಳ, ವರ್ಕ್‌ಸ್ಟೇಷನ್ ಎಂದು ಕರೆಯಲ್ಪಡುವ ಗಣಕ ಅದು. ಇದನ್ನು ಅಂಗಡಿಯವರು ದಾಸ್ತಾನು ಇಡುವುದಿಲ್ಲ. ಆರ್ಡರ್ ಕೊಟ್ಟ ಮೇಲೆ ತರಿಸಿಕೊಡುತ್ತಾರೆ. ಕಾಯುವ ಸಂಕಟ ಆರಂಭವಾಗುವುದು ಅಲ್ಲಿಂದ.

ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಡೈ ತಯಾರಿಸುವ ನನ್ನ ಕಕ್ಷಿದಾರರೊಬ್ಬರ ಅನುಭವ ಇದಕ್ಕೆ ನಿದರ್ಶನ. ಅವರ ಬಳಿ ಇದ್ದ ಗಣಕವು ದೊಡ್ಡ ಡ್ರಾಯಿಂಗ್ ತೆರೆಯುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಯುತ್ತಿತ್ತು. ಹೊಸ ವರ್ಕ್‌ಸ್ಟೇಷನ್‌ಗೆ ಆರ್ಡರ್ ಕೊಟ್ಟು ಮುಂಗಡ ತೆತ್ತರು. ಎರಡು ವಾರ ಎಂದಿದ್ದ ಮಾರಾಟಗಾರರು ಮೊದಲು ಮಾನಿಟರನ್ನೂ ಕೀಲಿಮಣೆಯನ್ನೂ ಕಳುಹಿಸಿದರು. ಮುಖ್ಯ ಯಂತ್ರದ ಬಗ್ಗೆ ದೂರವಾಣಿಯಲ್ಲಿ ಕೇಳಿದಾಗಲೆಲ್ಲ, "ಮಾಲು ಬೆಂಗಳೂರಿಂದ ಹೊಂಟೈತ್ರಿ ಸರ್ರ, ಸೋಮವಾರ ಬರ್ತೈತ್ರಿ" ಎಂಬ ಉತ್ತರ. ಯಾವ ಸೋಮವಾರ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಹೊಸ ಯಂತ್ರ ನಾಳೆಯೇ ಬರುವುದೆಂಬ ಭರವಸೆಯಲ್ಲಿ ಹಳೆಯದಕ್ಕೆ ಸಾವಿರಾರು ರೂಪಾಯಿಯ ಮೆಮೊರಿ ಹಾಕಿಸಲು ಇವರಿಗೆ ಮನಸ್ಸಾಗಲಿಲ್ಲ. ಹೊಸದಾಗಿ ಸೇರಿಸಿಕೊಂಡಿದ್ದ ವಿನ್ಯಾಸಗಾರ ಹುಡುಗನಿಗೆ ಕೂರಲು ಮೇಜಿತ್ತು, ಕೆಲಸ ಮಾಡಲು ಯಂತ್ರವಿರಲಿಲ್ಲ. ಸಂಬಳ ಮಾತ್ರ ತಿಂಗಳು ತಿಂಗಳಿಗೆ ನಡೆಯಿತು. ಅಷ್ಟರಲ್ಲಿ ಒಂದು ದೊಡ್ಡ ಅಚ್ಚಿನ ವಿನ್ಯಾಸದ ಕೆಲಸ ಬೆಳಗಾವಿಯವರ ಪಾಲಾಯಿತು. ಯಂತ್ರವೇನೋ ಕೊನೆಗೆ ಬಂತು. ಆದರೆ ವರ್ಷಾಂತ್ಯದಲ್ಲಿ ಅವರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಆ ನಷ್ಟ ಯಾವ ಖಾತೆಯಲ್ಲಿಯೂ ಕಾಣಲಿಲ್ಲ. ಬಾರದ ಕೆಲಸಕ್ಕೆ ಬಿಲ್ಲು ಇರುವುದಿಲ್ಲ. ಬಿಲ್ಲು ಇಲ್ಲದ್ದನ್ನು ಲೆಕ್ಕಪುಸ್ತಕ ಅರಿಯದು.

ಗಣಕಕ್ಕಾಗಿ ಕಾಯುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1981ರಲ್ಲಿ ಪುಣೆಯಲ್ಲಿ ಆರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಸಂಸ್ಥೆಯ ಮೊದಲ ವರ್ಷಗಳ ಕಥೆಯನ್ನು ಎನ್. ಆರ್. ನಾರಾಯಣ ಮೂರ್ತಿಯವರು ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ನಮ್ಮ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರು ಕೊಟ್ಟ 10 ಸಾವಿರ ರೂಪಾಯಿಯಿಂದ ಆ ಸಂಸ್ಥೆ ಮೊದಲಾಯಿತೆಂಬುದು ಹುಬ್ಬಳ್ಳಿಯವರಿಗೆ ಬಾಯಿಪಾಠವಾಗಿರುವ ಸಂಗತಿ. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೆಂದರೆ, ತಂತ್ರಾಂಶ ಬರೆಯಲು ಹುಟ್ಟಿದ ಆ ಸಂಸ್ಥೆಯ ಬಳಿ ಆರಂಭದಲ್ಲಿ ಸ್ವಂತ ಗಣಕವೇ ಇರಲಿಲ್ಲ ಎಂಬುದು. ಅಮೆರಿಕದ ಡೇಟಾ ಜನರಲ್ ಕಂಪನಿಯ ಮಿನಿ ಗಣಕವನ್ನು ಆಮದು ಮಾಡಿಕೊಳ್ಳುವ ಪರವಾನಗಿಗಾಗಿ ವರ್ಷಗಟ್ಟಲೆ ದೆಹಲಿಗೆ ಅಲೆಯಬೇಕಾಯಿತು. ಪರವಾನಗಿ ಕೈಗೆ ಬರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯ ಯಂತ್ರ ಕಡಿಮೆ ಬೆಲೆಗೆ ಬಂದಿರುತ್ತಿತ್ತು. ಆದರೆ ಪರವಾನಗಿ ಹಳೆಯ ಮಾದರಿಗೆ ಮಾತ್ರ. ಹೊಸದು ಬೇಕೆಂದರೆ ಮತ್ತೆ ದೆಹಲಿಯ ದಾರಿ.

ಆ ಅವಧಿಯಲ್ಲಿ ಅವರು ಕೈಕಟ್ಟಿ ಕೂರಲಿಲ್ಲ ಎಂಬುದನ್ನು ವ್ಯಾಪಾರಸ್ಥರಾದ ನಾವು ಗಮನಿಸಬೇಕು. ಸಂಸ್ಥಾಪಕರಲ್ಲಿ ಹೆಚ್ಚಿನವರು ಅಮೆರಿಕಕ್ಕೆ ಹೋಗಿ, ಮೊದಲ ಗ್ರಾಹಕರಾದ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಸಂಸ್ಥೆಗಾಗಿ ಅಲ್ಲಿಯ ಯಂತ್ರಗಳ ಮೇಲೆಯೇ ಕೆಲಸ ಮಾಡಿದರು. ಯಂತ್ರ ಇಲ್ಲಿಗೆ ಬಾರದಿದ್ದಾಗ ಕೆಲಸವೇ ಯಂತ್ರವಿದ್ದಲ್ಲಿಗೆ ಹೋಯಿತು. ಅದರಿಂದ ಸಂಸ್ಥೆ ಉಳಿಯಿತು, ಆದರೆ ಇಲ್ಲಿ ಆಗಬೇಕಾಗಿದ್ದ ಕೆಲಸ ಕೆಲಕಾಲ ಅಲ್ಲಿಯೇ ಆಯಿತು. ಗೋಕುಲ ರಸ್ತೆಯ ಅಚ್ಚಿನ ಕೆಲಸ ಬೆಳಗಾವಿಗೆ ಹೋದದ್ದಕ್ಕೂ ಇದಕ್ಕೂ ಅಳತೆಯಲ್ಲಿ ವ್ಯತ್ಯಾಸವಿದೆಯೇ ಹೊರತು ಜಾತಿಯಲ್ಲಿಲ್ಲ.

1984ರ ನವೆಂಬರಿನಲ್ಲಿ ಪ್ರಕಟವಾದ ಗಣಕ ನೀತಿಯು ಆಮದಿನ ಬಿಗಿಯನ್ನು ಸಡಿಲಿಸಿತು. 1991ರ ನಂತರ ಪರವಾನಗಿಯ ಕಾಲ ಬಹುಮಟ್ಟಿಗೆ ಮುಗಿಯಿತು. ಆಮೇಲಿನ ಕಾಯುವಿಕೆಗೆ ಸರ್ಕಾರವನ್ನು ದೂಷಿಸುವಂತಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಸಿಂಪ್ಯೂಟರ್ ಇದಕ್ಕೆ ಉದಾಹರಣೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ ರೂಪಿಸಿದ, ಜನಸಾಮಾನ್ಯರಿಗೆ ಎಟಕುವ ಬೆಲೆಯ ಆ ಅಂಗೈ ಗಣಕದ ಮಾದರಿ 2001ರಲ್ಲಿ ಹೊರಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಯಂತ್ರ ಅಂಗಡಿಗೆ ಬಂದದ್ದು 2004ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾಗಿದ್ದವು, ಸಾಧಾರಣ ಗಣಕಗಳ ಬೆಲೆಯೂ ಇಳಿದಿತ್ತು. ಯಂತ್ರದಲ್ಲಿ ದೋಷವಿತ್ತೆಂದು ನಾನು ಹೇಳಲಾರೆ. ಮೂರು ವರ್ಷಗಳಲ್ಲಿ ಮಾರುಕಟ್ಟೆ ಮುಂದೆ ಹೋಗಿತ್ತು.

ವೃತ್ತಿಪರ ಡೆಸ್ಕ್‌ಟಾಪಿಗಾಗಿ ಕಾದವರ ಪೈಕಿ ಎಲ್ಲರಿಗಿಂತ ಹೆಚ್ಚು ಬಳಲಿದವರೆಂದರೆ ಆಪಲ್ ಕಂಪನಿಯ ಮ್ಯಾಕ್ ಪ್ರೊ ಬಳಕೆದಾರರು. ಜಗತ್ತಿನ ಅತ್ಯಂತ ಶ್ರೀಮಂತ ಕಂಪನಿಗಳಲ್ಲೊಂದು ಸಹ ಗ್ರಾಹಕರನ್ನು ಹೇಗೆ ಕಾಯಿಸಬಲ್ಲದು ಎಂಬುದಕ್ಕೆ ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳಿತು. ಮುದ್ರಣ, ಚಲನಚಿತ್ರ ಸಂಕಲನ, ಧ್ವನಿಮುದ್ರಣ ಮುಂತಾದ ಕ್ಷೇತ್ರಗಳಲ್ಲಿ ಈ ಯಂತ್ರವನ್ನೇ ನಂಬಿದ ದೊಡ್ಡ ವರ್ಗವಿತ್ತು. ಅದರ ಹಳೆಯ ಪೆಟ್ಟಿಗೆಯಂಥ ಮಾದರಿಯ ಮುಚ್ಚಳ ತೆಗೆದು ಡಿಸ್ಕ್, ಮೆಮೊರಿ, ಕಾರ್ಡುಗಳನ್ನು ಬೇಕಾದಂತೆ ಬದಲಿಸಬಹುದಾಗಿತ್ತು. 2013ರ ಜೂನ್‌ನಲ್ಲಿ ಕಂಪನಿಯು ಕಪ್ಪು ಉರುಳೆಯಾಕಾರದ ಹೊಸ ಮಾದರಿಯನ್ನು ತೋರಿಸಿ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ತಂದಿತು. ನೋಡಲು ಅಂದವಾಗಿತ್ತು. ಆದರೆ ಒಳಗಿನ ಶಾಖವನ್ನು ಹೊರಹಾಕುವ ವ್ಯವಸ್ಥೆಯನ್ನು ಎರಡು ಮಧ್ಯಮ ಗ್ರಾಫಿಕ್ಸ್ ಘಟಕಗಳಿಗೆ ಹೊಂದಿಸಿ ರೂಪಿಸಲಾಗಿತ್ತು. ಉದ್ಯಮವು ಹೆಚ್ಚು ವಿದ್ಯುತ್ ಬೇಡುವ ಒಂದೇ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಕಡೆಗೆ ಹೊರಳಿದಾಗ ಆ ಉರುಳೆಯೊಳಗೆ ಅದಕ್ಕೆ ಸ್ಥಳವಿರಲಿಲ್ಲ.

ಮುಂದಿನ ಮೂರು ವರ್ಷಗಳಿಗಿಂತ ಹೆಚ್ಚು ಕಾಲ ಹೊಸ ಮಾದರಿಯೂ ಬರಲಿಲ್ಲ, ಬರುವುದೋ ಇಲ್ಲವೋ ಎಂಬ ಮಾತೂ ಬರಲಿಲ್ಲ. ಈ ಮೌನವೇ ಬಳಕೆದಾರರನ್ನು ಹೆಚ್ಚು ಕಾಡಿತು. ಕೆಲವರು 2012ರ ಹಳೆಯ ಪೆಟ್ಟಿಗೆಯನ್ನೇ ರಿಪೇರಿ ಮಾಡಿಸುತ್ತ ದಿನ ದೂಡಿದರು; ಕೆಲವರು ವಿಂಡೋಸ್ ಯಂತ್ರಗಳಿಗೆ ಹೊರಳಿದರು. 2017ರ ಏಪ್ರಿಲ್‌ನಲ್ಲಿ ಕಂಪನಿಯ ಹಿರಿಯ ಅಧಿಕಾರಿಗಳು ಬೆರಳೆಣಿಕೆಯ ಪತ್ರಕರ್ತರನ್ನು ಕರೆದು, ಶಾಖದ ವಿಷಯದಲ್ಲಿ ತಮ್ಮ ವಿನ್ಯಾಸ ತಮ್ಮನ್ನೇ ಮೂಲೆಗೆ ನೂಕಿದ್ದನ್ನು ಒಪ್ಪಿಕೊಂಡರು. ಹೊಸ ಮ್ಯಾಕ್ ಪ್ರೊ ಸಿದ್ಧವಾಗುತ್ತಿದೆ, ಆದರೆ ಈ ವರ್ಷ ಇಲ್ಲ ಎಂದರು. 2018ರ ಏಪ್ರಿಲ್‌ನಲ್ಲಿ, ಅದು 2019ರ ಯಂತ್ರ ಎಂದರು. 2019ರ ಜೂನ್‌ನಲ್ಲಿ ತೋರಿಸಿದರು. ಅದೇ ವರ್ಷ ಡಿಸೆಂಬರ್ 10ರಂದು ಮಾರಾಟ ಆರಂಭವಾಯಿತು. ಅಮೆರಿಕದಲ್ಲಿ ಆರಂಭಿಕ ಬೆಲೆ 5,999 ಡಾಲರ್.

ಆರು ವರ್ಷ ಕಾದವರಿಗೆ ದೊರೆತದ್ದು ಉತ್ತಮ ಯಂತ್ರವೇ. ಮುಚ್ಚಳ ತೆಗೆಯಬಹುದಾಗಿತ್ತು, ಕಾರ್ಡು ಸೇರಿಸಬಹುದಾಗಿತ್ತು. ಅವರು ಕೇಳಿದ್ದೆಲ್ಲ ಅದರಲ್ಲಿತ್ತು. ಆದರೆ ಕೇವಲ ಆರು ತಿಂಗಳಲ್ಲಿ, 2020ರ ಜೂನ್‌ನಲ್ಲಿ, ಇಂಟೆಲ್ ಪ್ರೊಸೆಸರುಗಳನ್ನು ಬಿಟ್ಟು ತನ್ನದೇ ಚಿಪ್‌ಗಳಿಗೆ ಸುಮಾರು ಎರಡು ವರ್ಷಗಳಲ್ಲಿ ಸಾಗುವುದಾಗಿ ಅದೇ ಕಂಪನಿ ಘೋಷಿಸಿತು. ಕಾದು ಕೊಂಡ ಇಂಟೆಲ್ ಯಂತ್ರದ ಕುಲವೇ ಮುಗಿಯುವ ದಾರಿ ಹಿಡಿದಿತ್ತು. 2013ರಿಂದ 2019ರವರೆಗೆ, ಬೇರೆ ಯಾವುದಾದರೂ ಇದ್ದ ಯಂತ್ರವನ್ನು ಕೊಂಡು ದುಡಿದು ಅದರ ಬೆಲೆಯನ್ನು ಎರಡು ಬಾರಿ ಗಳಿಸಿಕೊಂಡವನ ಜಾಣತನವನ್ನು ಇಲ್ಲಿ ಮೆಚ್ಚಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆಪಲ್ ಕಂಪನಿಯು ಈ ಪ್ರಕರಣದಲ್ಲಿ ಗ್ರಾಹಕರಿಗೆ ಮಾಡಿದ ಏಕೈಕ ಉಪಕಾರವೆಂದರೆ 2017ರ ಆ ಒಂದು ವಾಕ್ಯ: ಈ ವರ್ಷ ಇಲ್ಲ. ಅದನ್ನು ಕೇಳಿದವನು ಆ ದಿನವೇ ಬೇರೆ ಏರ್ಪಾಟು ಮಾಡಿಕೊಳ್ಳಬಹುದಾಗಿತ್ತು. 2014ರಲ್ಲಿಯೇ ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು.

ಅದು ದೂರದೂರಿನ ಕಥೆ ಎನ್ನುವವರಿಗೆ ಸಮೀಪದ ವರ್ಷಗಳನ್ನು ನೆನಪಿಸಬೇಕು. 2020ರಿಂದ 2022ರವರೆಗೆ ಚಿಪ್‌ಗಳ ಅಭಾವದಿಂದ ಗ್ರಾಫಿಕ್ಸ್ ಕಾರ್ಡುಗಳು ಜಗತ್ತಿನೆಲ್ಲೆಡೆ ದುರ್ಲಭವಾಗಿದ್ದವು. 2023ರ ಆಗಸ್ಟ್ 3ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಮಾನಿಟರಿನೊಳಗೇ ಎಲ್ಲವೂ ಇರುವ ಆಲ್-ಇನ್-ಒನ್ ಗಣಕ, ಅತಿ ಚಿಕ್ಕ ಗಣಕ ಹಾಗೂ ಸರ್ವರುಗಳ ಆಮದಿಗೆ ಪರವಾನಗಿ ಕಡ್ಡಾಯವೆಂದು ಅಧಿಸೂಚನೆ ಹೊರಡಿಸಿತು. ಮರುದಿನವೇ ಅದನ್ನು ಅಕ್ಟೋಬರ್ ಅಂತ್ಯದವರೆಗೆ ಮುಂದೂಡಿತು. ಬಳಿಕ ನವೆಂಬರ್ 1ರಿಂದ ಆನ್‌ಲೈನ್ ಅನುಮತಿಯ ಸೌಮ್ಯ ವ್ಯವಸ್ಥೆಯನ್ನು ತಂದಿತು. ಸಾಮಾನ್ಯ ಟವರ್ ಮಾದರಿಯ ಡೆಸ್ಕ್‌ಟಾಪ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಆ ವಾರಗಳಲ್ಲಿ ಟವರ್ ಕೊಡಲು ತಡಮಾಡಿದ ಮಾರಾಟಗಾರರೂ ಅಧಿಸೂಚನೆಯನ್ನೇ ನೆಪವಾಗಿ ಹೇಳಿದರೆಂದು ಕಕ್ಷಿದಾರರಿಂದ ಕೇಳಿದ್ದೇನೆ. ಪಟ್ಟಿಯನ್ನು ಓದಿದ್ದವನಿಗೆ ಆ ನೆಪ ನಡೆಯುತ್ತಿರಲಿಲ್ಲ.

ಇನ್ನೊಂದು ಬಗೆಯ ಕಾಯುವಿಕೆಯಿದೆ. ಅದನ್ನು ನಾವೇ ತಂದುಕೊಳ್ಳುತ್ತೇವೆ. "ಇನ್ನ ಆರು ತಿಂಗಳ ತಡೀರಿ, ರೇಟು ಇಳೀತೈತಿ" ಎಂಬ ವ್ಯಾಪಾರಿ ಬುದ್ಧಿ ಬಹುಕಾಲ ಗಣಕಗಳ ವಿಷಯದಲ್ಲಿ ಸರಿಯೇ ಆಗಿತ್ತು. ಈಗ ಆ ಲೆಕ್ಕ ತಪ್ಪುತ್ತಿದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಬಿಡಿ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮೆಮೊರಿ ಮಾರುತ್ತಿದ್ದ ಮೈಕ್ರಾನ್ ಕಂಪನಿಯು ಆ ವಹಿವಾಟಿನಿಂದಲೇ ಹೊರಬರುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿದ್ದು, ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಗಳವರು ಖರೀದಿಗೆ ಹೊರಟಾಗ ಎದುರಾದದ್ದು ಈ ಏರಿದ ಬೆಲೆ. ಬೆಲೆ ಇಳಿಯಲೆಂದು ಒಂದು ವರ್ಷ ತಡೆದವರು ಹೆಚ್ಚು ತೆತ್ತರು.

ಇನ್ನು ಲೆಕ್ಕದ ಮಾತು. ತೆರಿಗೆ ಬಿಟ್ಟು 3 ಲಕ್ಷ ರೂಪಾಯಿಯ ವರ್ಕ್‌ಸ್ಟೇಷನ್ ಎಂದಿಟ್ಟುಕೊಳ್ಳೋಣ. ಗಣಕಗಳ ಮೇಲಿನ ಸವಕಳಿ ದರವು ಮೊದಲು ಶೇ. 60 ಇದ್ದು, 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಯಿತು. ಅದರಂತೆ ಮೊದಲ ವರ್ಷದ ಸವಕಳಿ 1,20,000 ರೂಪಾಯಿ. ಆದರೆ ಆ ಸಾಲಿನಲ್ಲಿ ಯಂತ್ರವು 180 ದಿನಗಳಿಗಿಂತ ಕಡಿಮೆ ಕಾಲ ಬಳಕೆಯಲ್ಲಿದ್ದರೆ ದೊರೆಯುವುದು ಅದರ ಅರ್ಧ, ಅಂದರೆ 60,000. ಕ್ಯಾಲೆಂಡರಿನಲ್ಲಿ ಎಣಿಸಿದರೆ ಸಾಮಾನ್ಯ ವರ್ಷದಲ್ಲಿ ಈ ಗಡಿ ಅಕ್ಟೋಬರ್ 3. ನಮ್ಮಲ್ಲಿ ಖಂಡೇ ಪೂಜೆಗೆ ಹೊಸ ಯಂತ್ರ ತರುವ ಪದ್ಧತಿಯಿದೆ. ನವರಾತ್ರಿ ತಡವಾಗಿ ಬರುವ ವರ್ಷಗಳಲ್ಲಿ ಪೂಜೆಯ ಮುಹೂರ್ತ ಆದಾಯ ತೆರಿಗೆಯ ಮುಹೂರ್ತವನ್ನು ಮೀರಿಹೋಗುತ್ತದೆ. ಗಮನಿಸಬೇಕಾದುದೆಂದರೆ, ಎಣಿಕೆ ಶುರುವಾಗುವುದು ಆರ್ಡರ್ ಕೊಟ್ಟ ದಿನದಿಂದಲೂ ಅಲ್ಲ, ಹಣ ತೆತ್ತ ದಿನದಿಂದಲೂ ಅಲ್ಲ, ಯಂತ್ರ ಬಳಕೆಗೆ ಬಂದ ದಿನದಿಂದ. ಮಾರ್ಚ್ 31 ದಾಟಿದರೆ ಆ ಸಾಲಿಗೆ ಸವಕಳಿ ಸೊನ್ನೆ. ಈ ಸವಕಳಿ ಕಳೆದುಹೋಗುವುದಿಲ್ಲ, ಮುಂದಿನ ವರ್ಷಗಳಿಗೆ ಹೋಗುತ್ತದೆ ಎಂಬುದು ನಿಜ. ಆದರೆ ಶೇ. 30ರ ದರದಲ್ಲಿ ತೆರಿಗೆ ತೆರುವ ಪಾಲುದಾರಿಕೆ ಸಂಸ್ಥೆಗೆ ಸೆಸ್ ಬಿಟ್ಟು 18,000 ರೂಪಾಯಿ ಈ ವರ್ಷವೇ ಕೈಬಿಡುತ್ತದೆ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಸಲ್ಲಿಸುವ ಚಿಕ್ಕ ವ್ಯಾಪಾರಿಗಳಿಗೆ ಸವಕಳಿಯ ಈ ಚಿಂತೆಯಿಲ್ಲ. ಉಳಿದ ಚಿಂತೆಗಳು ಅವರಿಗೂ ಇವೆ.

ಜಿಎಸ್‌ಟಿ ಶೇ. 18ರಂತೆ 54,000 ರೂಪಾಯಿ. ಇದರ ಇನ್‌ಪುಟ್ ಕ್ರೆಡಿಟ್ ಪಡೆಯಲು ಬಿಲ್ಲು ಕೈಯಲ್ಲಿದ್ದರೆ ಸಾಲದು, ಸರಕು ಕೈಸೇರಿರಬೇಕು. ಒಂದೇ ಬಿಲ್ಲಿನ ಸರಕು ಕಂತುಗಳಲ್ಲಿ ಬಂದರೆ ಕೊನೆಯ ಕಂತು ಬಂದ ಮೇಲೆಯೇ ಕ್ರೆಡಿಟ್. ಮೇಲೆ ಹೇಳಿದ ಕಕ್ಷಿದಾರರಿಗೆ ಆದದ್ದು ಇದೇ: ಇಡೀ ವ್ಯವಸ್ಥೆಗೆ ಒಂದೇ ಬಿಲ್ಲು, ಮೇಜಿನ ಮೇಲೆ ಮಾನಿಟರ್ ಮಾತ್ರ. ಅವರ ಮುನೀಮರು ಬಿಲ್ಲು ಪೋರ್ಟಲಿನಲ್ಲಿ ಕಾಣಿಸಿತೆಂದು ಕ್ರೆಡಿಟ್ ತೆಗೆದುಕೊಳ್ಳಲು ಹೊರಟಿದ್ದರು, ತಡೆಯಬೇಕಾಯಿತು. ಪೋರ್ಟಲಿನಲ್ಲಿ ಕಾಣುವುದು ಬಿಲ್ಲು, ಯಂತ್ರವಲ್ಲ. ಇನ್ನು ಬ್ಯಾಂಕಿನ ಸಾಲವಿದ್ದರೆ, ಪ್ರೊಫಾರ್ಮಾ ಬಿಲ್ಲಿನ ಮೇಲೆ ಹಣವು ನೇರವಾಗಿ ಮಾರಾಟಗಾರರ ಖಾತೆಗೆ ಹೋಗುತ್ತದೆ ಮತ್ತು ಆ ದಿನದಿಂದಲೇ ಬಡ್ಡಿ ಓಡುತ್ತದೆ. 3 ಲಕ್ಷಕ್ಕೆ ವರ್ಷಕ್ಕೆ ಶೇ. 10 ಎಂದರೂ ತಿಂಗಳಿಗೆ 2,500 ರೂಪಾಯಿ. ನಾಲ್ಕು ತಿಂಗಳ ವಿಳಂಬಕ್ಕೆ 10,000. ಇದಕ್ಕೆ ಕೂತುಣ್ಣುವ ಸಂಬಳವನ್ನೂ ಕೈತಪ್ಪಿದ ಕೆಲಸವನ್ನೂ ಸದಸ್ಯರು ತಮ್ಮ ತಮ್ಮ ಅನುಭವದಂತೆ ಕೂಡಿಸಿಕೊಳ್ಳಬಹುದು. ಕೊಟೇಶನ್‌ಗಳನ್ನು ಹೋಲಿಸುವಾಗ ಐದು ಸಾವಿರ ಕಡಿಮೆ ಎಂಬ ಕಾರಣಕ್ಕೆ ದಿನಾಂಕ ಹೇಳದ ಮಾರಾಟಗಾರನನ್ನು ಆರಿಸುವುದು ಉಳಿತಾಯವೆನಿಸದು.

ಕಾನೂನು ಈ ವಿಷಯದಲ್ಲಿ ಕೊಳ್ಳುವವನ ಪರವಾಗಿಯೇ ಇದೆ, ಆದರೆ ಎಚ್ಚರವಾಗಿರುವ ಕೊಳ್ಳುವವನ ಪರವಾಗಿ. 1930ರ ಸರಕು ಮಾರಾಟ ಕಾಯಿದೆಯ 36ನೆಯ ಕಲಮಿನಂತೆ, ಸರಕು ಕಳುಹಿಸುವ ಹೊಣೆ ಮಾರುವವನ ಮೇಲಿದ್ದು ದಿನಾಂಕ ಗೊತ್ತುಪಡಿಸದಿದ್ದರೆ, ಯುಕ್ತವಾದ ಕಾಲಾವಧಿಯೊಳಗೆ ಕಳುಹಿಸಬೇಕು. ಯುಕ್ತ ಎಂದರೆ ಎಷ್ಟು ದಿನ ಎಂಬುದನ್ನು ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲುವಷ್ಟರಲ್ಲಿ ಗಣಕವೇ ಹಳತಾಗಿರುತ್ತದೆ. ಆದ್ದರಿಂದ ದಿನಾಂಕವನ್ನು ಬರೆಯಿಸಿಕೊಳ್ಳುವುದೇ ಮೇಲು. 1872ರ ಕರಾರು ಕಾಯಿದೆಯ 55ನೆಯ ಕಲಮು ಇನ್ನೂ ಮುಖ್ಯವಾದುದು. ಕರಾರಿನಲ್ಲಿ ಕಾಲವು ಅತ್ಯಗತ್ಯ ಅಂಶವೆಂಬ ಉದ್ದೇಶವಿದ್ದರೆ, ಆ ಕಾಲ ಮೀರಿದಾಗ ಕರಾರನ್ನು ರದ್ದುಪಡಿಸುವ ಹಕ್ಕು ಕೊಳ್ಳುವವನಿಗಿದೆ. ಆದರೆ ರದ್ದುಪಡಿಸದೆ ತಡವಾಗಿ ಬಂದ ಸರಕನ್ನು ಸ್ವೀಕರಿಸಿದರೆ, ವಿಳಂಬಕ್ಕೆ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿರುವುದಾಗಿ ಸ್ವೀಕರಿಸುವ ಹೊತ್ತಿನಲ್ಲಿಯೇ ತಿಳಿಸಿರಬೇಕು. ಇಲ್ಲವಾದರೆ ಆ ಹಕ್ಕು ಹೋಗುತ್ತದೆ. ನಮ್ಮವರು ಮಾಡುವುದೇನು? ಯಂತ್ರ ಬಂದ ಸಂತೋಷದಲ್ಲಿ ಕಾಯಿ ಒಡೆದು, ತಂದ ಹುಡುಗನಿಗೆ ಚಹಾ ಕೊಟ್ಟು, ಡೆಲಿವರಿ ಚೀಟಿಗೆ ಸಹಿ ಹಾಕಿ ಕಳುಹಿಸುತ್ತಾರೆ. ಆ ಸಹಿಯ ಮೇಲೆ, "ವಿಳಂಬದ ಪರಿಹಾರದ ಹಕ್ಕನ್ನು ಕಾಯ್ದಿರಿಸಿ ಸ್ವೀಕರಿಸಲಾಗಿದೆ" ಎಂಬ ಒಂದು ಸಾಲು ಬರೆಯಲು ಒಂದು ನಿಮಿಷವೂ ಬೇಡ.

ಇದನ್ನೆಲ್ಲ ಹೊಸದಾಗಿ ಕಲಿಯಬೇಕಾದ ಅವಶ್ಯಕತೆ ನಮ್ಮ ತಯಾರಕರಿಗಿಲ್ಲ ಎಂಬುದೇ ಸೋಜಿಗ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರಕ್ಕೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೂ ಬಿಡಿಭಾಗಗಳನ್ನು ಪೂರೈಸುವವರು ನಮ್ಮಲ್ಲಿದ್ದಾರೆ. ಸರ್ಕಾರಿ ಖರೀದಿ ಆದೇಶಗಳಲ್ಲಿ ಪೂರೈಕೆಯ ದಿನಾಂಕ, ಅದು ಮೀರಿದರೆ ವಾರಕ್ಕೆ ಶೇ. ಅರ್ಧದಂತೆ ಇಂತಿಷ್ಟರವರೆಗೆ ಕಡಿತ ಎಂಬ ಷರತ್ತು ಸಾಮಾನ್ಯ. ಆ ಕಡಿತ ತಪ್ಪಿಸಲು ರಾತ್ರಿಪಾಳಿ ನಡೆಸಿ ಮಾಲು ಮುಗಿಸುವ ಉದ್ಯಮಿಯೇ, ತಾನು ಕೊಳ್ಳುವಾಗ ಆರ್ಡರನ್ನು ಬಾಯಿಮಾತಿನಲ್ಲಿಯೋ ವಾಟ್ಸ್ಆ್ಯಪ್‌ನ ಒಂದು ಹೆಬ್ಬೆರಳಿನ ಚಿತ್ರದಲ್ಲಿಯೋ ಮುಗಿಸುತ್ತಾನೆ. ಮಾರಾಟಗಾರರು ಪರಿಚಯದವರು, ಬರೆದು ಕೇಳಿದರೆ ಮುಖ ಕೆಡುತ್ತದೆ ಎಂಬ ದಾಕ್ಷಿಣ್ಯ ನಮ್ಮ ಊರಿನ ಗುಣ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈ ಊರಿನ ವ್ಯಾಪಾರ ಆ ನಂಬಿಕೆಯ ಮೇಲೆಯೇ ನಿಂತಿದೆ. ಆದರೆ ಸ್ಥಳೀಯ ಮಾರಾಟಗಾರರೂ ಬೆಂಗಳೂರು ಅಥವಾ ಮುಂಬಯಿಯ ವಿತರಕರ ಮಾತನ್ನೇ ನಂಬಿ ನಮಗೆ ಸೋಮವಾರ ಎನ್ನುತ್ತಾರೆ. ನಮ್ಮ ಆರ್ಡರಿನಲ್ಲಿ ದಿನಾಂಕವಿದ್ದರೆ ಅದನ್ನು ತೋರಿಸಿ ಮೇಲಿನವರನ್ನು ಕೇಳಲು ಅವರಿಗೂ ಆಧಾರ ದೊರೆಯುತ್ತದೆ.

ಹಾಗೆಯೇ ನಮ್ಮ ಸದಸ್ಯರಲ್ಲಿ ಅನೇಕರು ಬೇರೆಯವರನ್ನು ಕಾಯಿಸುವವರೂ ಹೌದು. ಮುದ್ರಣಾಲಯದವರು ಲಗ್ನಪತ್ರಿಕೆಯನ್ನು, ಫ್ಯಾಬ್ರಿಕೇಶನ್‌ನವರು ಗೇಟನ್ನು, ಲೆಕ್ಕಪರಿಶೋಧಕರು ಆಡಿಟ್ ವರದಿಯನ್ನು ನಾಳೆ ಎಂದು ಹೇಳಿ ಮುಂದೂಡುವುದು ಈ ಊರಿನಲ್ಲಿ ಅಪರೂಪವಲ್ಲ. ಆಗುವುದಿಲ್ಲ ಎಂದು ಕಾಲಕ್ಕೆ ಸರಿಯಾಗಿ ತಿಳಿಸಿದರೆ ಗಿರಾಕಿ ಒಮ್ಮೆ ಬೈದು ಬೇರೆ ದಾರಿ ನೋಡಿಕೊಳ್ಳುತ್ತಾನೆ, ಮುಂದಿನ ಸಲ ಮತ್ತೆ ಬರುತ್ತಾನೆ. ಸೋಮವಾರಗಳನ್ನು ಎಣಿಸಿದವನು ಬರುವುದಿಲ್ಲ.

ವಾಣಿಜ್ಯ ಸಂಸ್ಥೆಯು ಈ ನಿಟ್ಟಿನಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಸದಸ್ಯರೆಲ್ಲ ಬಳಸಬಹುದಾದ ಒಂದೇ ಪುಟದ ಖರೀದಿ ಆದೇಶದ ನಮೂನೆಯನ್ನು ಕನ್ನಡದಲ್ಲಿ ಮುದ್ರಿಸಿ ಹಂಚಬಹುದು. ಎಲ್ಲರೂ ಬಳಸುವ ಅಚ್ಚಾದ ನಮೂನೆಯಾದರೆ ದಾಕ್ಷಿಣ್ಯದ ಪ್ರಶ್ನೆಯೂ ಏಳುವುದಿಲ್ಲ. ಅದರಲ್ಲಿ ಯಂತ್ರದ ಪೂರ್ಣ ವಿವರ, ಮಾದರಿ ಸಂಖ್ಯೆ ಮತ್ತು ಬೆಲೆ ಇರಲಿ. ಪೂರೈಕೆಯ ದಿನಾಂಕವಿರಲಿ ಮತ್ತು ಈ ಕರಾರಿನಲ್ಲಿ ಕಾಲವು ಅತ್ಯಗತ್ಯ ಅಂಶವೆಂಬ ವಾಕ್ಯವಿರಲಿ. ಆ ದಿನಾಂಕದಿಂದ 15 ದಿನ ಮೀರಿದರೆ ಮುಂಗಡವನ್ನು ಪೂರ್ತಿಯಾಗಿ ಮರಳಿಸಬೇಕೆಂಬ ಷರತ್ತಿರಲಿ. ಇಡೀ ವ್ಯವಸ್ಥೆ ಒಟ್ಟಿಗೆ ಬರಬೇಕು, ಬಿಡಿಬಿಡಿಯಾಗಿ ಬಂದರೆ ಬಿಲ್ಲೂ ಬಿಡಿಯಾಗಿರಬೇಕು ಎಂಬುದಿರಲಿ. ಮುಂಗಡ ಬೆಲೆಯ ಕಾಲು ಭಾಗವನ್ನು ಮೀರದಿರುವುದು ಒಳ್ಳೆಯದು. ಬ್ಯಾಂಕಿನ ಸಾಲವಿದ್ದಲ್ಲಿ, ಯಂತ್ರ ರವಾನೆಯಾದ ದಾಖಲೆ ಬಂದ ಮೇಲೆ ಹಣ ಬಿಡುಗಡೆ ಮಾಡುವಂತೆ ಶಾಖಾ ವ್ಯವಸ್ಥಾಪಕರಿಗೆ ಪತ್ರ ಕೊಡಬಹುದು. ನಮೂನೆಯ ಕರಡನ್ನು ಸಿದ್ಧಪಡಿಸಿ ಸಂಸ್ಥೆಯ ಕಚೇರಿಗೆ ಒಪ್ಪಿಸಲು ನಾನು ಸಿದ್ಧನಿದ್ದೇನೆ. ಸದಸ್ಯರು ತಮ್ಮ ಅನುಭವದಲ್ಲಿ ಇನ್ನಾವ ಷರತ್ತು ಬೇಕೆನಿಸಿತೆಂಬುದನ್ನು ಮುಂದಿನ ಸಂಚಿಕೆಯೊಳಗೆ ಬರೆದು ತಿಳಿಸಿದರೆ ಅದನ್ನೂ ಸೇರಿಸಬಹುದು.